ದೋಷ ಪೆನ್ನಿನದೋ, ಶಾಯಿಯದೋ?

ಇಂಕ್ ಪೆನ್ನಿನಲ್ಲಿ ದಿನವೂ ಬರೆಯುವವರು ಪೆನ್ನನ್ನು ಬೈಯುವುದು ಮನುಷ್ಯರನ್ನು ಬೈದಂತೆಯೇ. ಒಂದು ಮೊಂಡು, ಎಷ್ಟು ಜಾಡಿಸಿದರೂ ಮೊದಲ ಅಕ್ಷರ ಮೂಡಿಸದು. ಒಂದು ಜಿಪುಣ, ಸಾಲಿನಿಂದ ಸಾಲಿಗೆ ಬಣ್ಣ ತೆಳುವಾಗುತ್ತ ಹೋಗುತ್ತದೆ. ಮತ್ತೊಂದಕ್ಕೆ ಹಿಡಿತವೇ ಇಲ್ಲ, ಜೇಬಿನಲ್ಲೇ ಕಾರಿಕೊಳ್ಳುತ್ತದೆ. ದಾವಣಗೆರೆಯ ವಿದ್ಯಾನಗರದಂಥ ಓದುವ ಬರೆಯುವ ಮಂದಿಯ ಬಡಾವಣೆಯಲ್ಲಿ ಇಂಥ ಬೈಗುಳ ಸಹಜ, ಅದರ ಹಿಂದಿನ ಅಸಹನೆಯೂ ಸಹಜ. ಆದರೆ ಆ ಬೈಗುಳದೊಳಗೆ ಒಂದು ಸಿದ್ಧಾಂತ ಕೂತಿದೆ: ಪ್ರತಿ ವಸ್ತುವಿಗೂ ಹುಟ್ಟಿನಿಂದ ಬಂದ ಒಂದು ಸ್ವಭಾವ ಇರುತ್ತದೆ, ಕೆಡುಕು ಇರುವುದು ಆ ಸ್ವಭಾವದಲ್ಲಿ ಎಂಬ ಸಿದ್ಧಾಂತ. ಪೆನ್ನಿನ ಮಟ್ಟಿಗೆ ಅದು ನಿರುಪದ್ರವಿ. ಅದನ್ನೇ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನ ಮೇಲೆ, ಹೊಸದಾಗಿ ಮನೆಗೆ ಬಂದ ಸೊಸೆಯ ಮೇಲೆ, ಬೇರೆ ಕೇರಿಯ ಜನರ ಮೇಲೆ ಹೊರಿಸಿದಾಗ ಅದು ಧರ್ಮಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ. ನಾವು ದೋಷ ಎನ್ನುವುದರ ಬಹುಪಾಲು ಎರಡು ವಸ್ತುಗಳು ಕೂಡುವ ಬಗೆಯಲ್ಲಿ ಹುಟ್ಟುತ್ತದೆ ಎಂಬುದು ನನ್ನ ವಾದ. ಹಾಗಿರುವುದರಿಂದ, ಜೋಡಿಯನ್ನು ಬದಲಿಸಿ ನೋಡದೆ ಯಾವುದನ್ನೇ ಆಗಲಿ ಯಾರನ್ನೇ ಆಗಲಿ ಕೆಟ್ಟದ್ದೆಂದು ತೀರ್ಮಾನಿಸುವ ಹಕ್ಕು ನಮಗಿಲ್ಲ.

ಮೊದಲು ಪೆನ್ನು ಕೆಲಸ ಮಾಡುವ ರೀತಿಯನ್ನೇ ನೋಡೋಣ. ನಿಬ್ಬಿನ ನಡುವೆ ಕೂದಲೆಳೆಯಂಥ ಸೀಳು. ಅದರ ಅಡಿಗೆ ಅಂಟಿಕೊಂಡಂತೆ ಸಣ್ಣ ಸಣ್ಣ ಕಾಲುವೆಗಳಿರುವ ಕಡ್ಡಿ, ಅಂದರೆ ಫೀಡು. ಇಂಕು ಆ ಕಾಲುವೆಗಳಲ್ಲಿ ನಿಬ್ಬಿನ ತುದಿಗೆ ಬರುವುದು ಭಾರದಿಂದ ಮಾತ್ರವಲ್ಲ. ಕಿರಿದಾದ ಸಂದಿಯಲ್ಲಿ ದ್ರವ ತಾನಾಗಿ ಏರುವ ಗುಣದಿಂದಲೂ. ಹೊರಗೆ ಹೋದಷ್ಟು ಇಂಕಿನ ಜಾಗಕ್ಕೆ ಗಾಳಿ ಒಳಗೆ ಬರಬೇಕು, ಇಲ್ಲದಿದ್ದರೆ ಹರಿವು ನಿಂತುಬಿಡುತ್ತದೆ. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದ ಫೀಡು ಈ ಗಾಳಿ ಮತ್ತು ಇಂಕಿನ ಕೊಡುಕೊಳುವನ್ನೇ ಪಳಗಿಸಲು ಹೊರಟದ್ದು. ಇನ್ನು ಇಂಕು ಬಣ್ಣದ ನೀರಷ್ಟೇ ಅಲ್ಲ. ಬಣ್ಣದ ಜೊತೆಗೆ ಅದರಲ್ಲಿ ನೀರಿನ ಮೇಲ್ಮೈ ಬಿಗಿತ ಸಡಿಲಿಸುವ ವಸ್ತು, ಬೇಗ ಒಣಗದಂತೆ ತಡೆಯುವ ಗ್ಲಿಸರಿನ್‌ನಂಥ ವಸ್ತು, ಬೂಸ್ಟು ಹಿಡಿಯದಂತೆ ಕಾಯುವ ರಾಸಾಯನಿಕ ಎಲ್ಲ ಇರುತ್ತವೆ. ಇವುಗಳ ಪ್ರಮಾಣ ಬದಲಾದರೆ ಒಂದು ಇಂಕು ಸಲೀಸಾಗಿ ಹರಿಯುತ್ತದೆ, ಇನ್ನೊಂದು ಬಿಗಿಯಾಗುತ್ತದೆ. ಸೀಳು ಕಿರಿದಾದ ಪೆನ್ನಿಗೆ ಬಿಗಿಯಾದ ಇಂಕು ತುಂಬಿದರೆ ಅದು ಜಿಪುಣ ಎನಿಸಿಕೊಳ್ಳುತ್ತದೆ. ಅದೇ ಪೆನ್ನಿಗೆ ಸಲೀಸು ಇಂಕು ಸಿಕ್ಕರೆ ಹದವಾಗಿ ಬರೆಯುತ್ತದೆ. ಸೀಳು ಅಗಲವಾದ ಪೆನ್ನಿಗೆ ಆ ಸಲೀಸು ಇಂಕು ಹಾಕಿದರೆ ಹಾಳೆಯ ಹಿಂಬದಿಗೂ ಇಳಿಯುತ್ತದೆ, ಬಿಗಿಯಾದ ಇಂಕು ಹಾಕಿದರೆ ಹದವಾಗುತ್ತದೆ. ಎರಡು ಪೆನ್ನು, ಎರಡು ಇಂಕು. ನಾಲ್ಕು ಜೋಡಿಗಳಲ್ಲಿ ಎರಡು ಚೆನ್ನ, ಎರಡು ಕೆಟ್ಟವು. ಕೆಟ್ಟ ಪೆನ್ನು ಯಾವುದು, ಕೆಟ್ಟ ಇಂಕು ಯಾವುದು ಎಂದು ಕೇಳಿದರೆ ಈ ಲೆಕ್ಕದಲ್ಲಿ ಉತ್ತರವೇ ಇಲ್ಲ.

ಶಾಯಿಯ ಒಳ್ಳೆಯತನವನ್ನು ಅದರೊಳಗೇ ಹುಡುಕುವವರಿಗೆ ಕರ್ನಾಟಕದಲ್ಲೇ ಒಂದು ದೊಡ್ಡ ಉತ್ತರವಿದೆ. 1937ರಲ್ಲಿ ಆರಂಭವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ, ಈಗಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕಿಗೆ ಒಡ್ಡಿಕೊಂಡಾಗ ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಸೋಪು ಹಾಕಿ ತಿಕ್ಕಿದರೂ ಹೋಗದು. ಒಂದು ದೇಶದ ಮತದಾನದ ಪ್ರಾಮಾಣಿಕತೆಯನ್ನೇ ಕಾಯುವ ಈ ಶಾಯಿಯನ್ನು ಉಕ್ಕಿನ ನಿಬ್ಬಿನ ಪೆನ್ನಿಗೆ ತುಂಬಿದರೆ ಬೆಳ್ಳಿ ನಿಬ್ಬಿನ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ, ಪೆನ್ನು ಹಾಳಾಗುತ್ತದೆ. ಬೆರಳಿನ ಮೇಲೆ ಯಾವುದು ಗುಣವೋ ನಿಬ್ಬಿನ ಮೇಲೆ ಅದೇ ದೋಷ. ನಕ್ಷೆ ಬರೆಯುವ ಡ್ರಾಯಿಂಗ್ ಇಂಕಿನ ಕಥೆಯೂ ಹೀಗೆಯೇ. ಅರಗು ಬೆರೆತ ಆ ಕಪ್ಪು ಒಣಗಿದ ಮೇಲೆ ನೀರಿಗೂ ಜಗ್ಗದು, ನಕ್ಷೆಗೆ ಬೇಕಾದ್ದೂ ಅದೇ. ಫೌಂಟನ್ ಪೆನ್ನಿನ ಕಾಲುವೆಯೊಳಗೆ ಒಣಗಿದರೆ ಮಾತ್ರ ಪೆನ್ನಿನ ಕಥೆ ಮುಗಿದಂತೆ. ಇದಕ್ಕಿಂತ ಹಳೆಯ ಸಾಕ್ಷಿ ಅಳಲೆಕಾಯಿಯ ಮಸಿ. ಅಳಲೆಯ ಚೊಗರು ಅನ್ನಭೇದಿಯ ಜೊತೆ ಸೇರಿದಾಗ ಹುಟ್ಟುವ ಕಪ್ಪು, ಗಾಳಿ ತಾಗಿದಷ್ಟೂ ಗಾಢವಾಗುತ್ತ ಕಾಗದದ ನಾರಿನಲ್ಲೇ ನೆಲೆ ನಿಲ್ಲುತ್ತದೆ. ಈ ಜಾತಿಯ ಮಸಿಯ ಹುಳಿ ಸಾಧಾರಣ ಉಕ್ಕಿನ ನಿಬ್ಬನ್ನು ತಿನ್ನುತ್ತದೆ. ಬಂಗಾರದ ನಿಬ್ಬಿಗೆ ಏನೂ ಮಾಡದು. ಇನ್ನೂ ಹಿಂದೆ ಹೋದರೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಕಪ್ಪು ಬಳಿದ ಬಟ್ಟೆಯ ಕಡತ, ಅದರ ಮೇಲೆ ಬಳಪ. ತಾಳೆಗರಿಯ ಮೇಲೆ ಕಬ್ಬಿಣದ ಕಂಟ, ಕೊರೆದ ಗೀರಿಗೆ ಆಮೇಲೆ ತುಂಬುವ ಕಾಡಿಗೆ. ತಾಳೆಗರಿಗೆ ಬಳಪ ಹಿಡಿದವನೂ ಕಡತಕ್ಕೆ ಕಂಟ ಒತ್ತಿದವನೂ ಏನನ್ನೂ ಬರೆಯಲಾರ. ನಮ್ಮ ಹಿರಿಯ ಲಿಪಿಕಾರರು ಯಾವ ಸಾಧನ ಶ್ರೇಷ್ಠ ಎಂದು ಕೇಳಿಕೊಂಡು ಕೂತವರಲ್ಲ. ಯಾವುದಕ್ಕೆ ಯಾವುದು ಒಗ್ಗುತ್ತದೆ ಎಂಬುದೇ ಅವರ ವಿದ್ಯೆಯ ಅರ್ಧವಾಗಿತ್ತು.

ಈ ಜೋಡಿಗೆ ಇನ್ನೂ ಇಬ್ಬರು ಪಾಲುದಾರರಿದ್ದಾರೆ, ಕಾಗದ ಮತ್ತು ಹವೆ. ಕಾಗದದ ಮೇಲೆ ಅಂಟಿನ ಲೇಪ ಕಡಿಮೆಯಿದ್ದರೆ ಇಂಕು ನಾರಿನಗುಂಟ ಹಬ್ಬುತ್ತದೆ, ಅಕ್ಷರಕ್ಕೆ ಮೀಸೆ ಬಂದಂತೆ ಕಾಣುತ್ತದೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಕಾಲದಿಂದ ಇಂದಿನ ಅಗ್ಗದ ನೋಟ್‌ಬುಕ್ಕಿನವರೆಗೆ ಒಂದೇ ಇಂಕು ಎಷ್ಟು ಬಗೆಯ ಹಾಳೆಗಳ ಮೇಲೆ ಎಷ್ಟು ಬಗೆಯಾಗಿ ವರ್ತಿಸಿರಬೇಕು! ಹವೆಯಂತೂ ದಾವಣಗೆರೆ ಸೀಮೆಯಲ್ಲಿ ದೊಡ್ಡ ಪಾತ್ರಧಾರಿ. ಬಿರುಬೇಸಿಗೆಯ ಒಣ ಗಾಳಿಯಲ್ಲಿ ಕ್ಯಾಪು ತೆಗೆದಿಟ್ಟು ಎರಡು ಮಾತಾಡುವಷ್ಟರಲ್ಲಿ ನಿಬ್ಬಿನ ತುದಿ ಒಣಗಿರುತ್ತದೆ. ಪೆನ್ನು ಮೊಂಡಾಯಿತು ಎಂದು ಬೈಯುವುದು ಆಗ. ಅದೇ ಪೆನ್ನು ಶ್ರಾವಣದ ತೇವದಲ್ಲಿ ತಕರಾರಿಲ್ಲದೆ ಬರೆಯುತ್ತದೆ, ಬರೆದದ್ದು ಬೇಗ ಆರುವುದಿಲ್ಲ ಎಂಬ ಹೊಸ ದೂರು ಹುಟ್ಟುತ್ತದೆ. ನೇರವಾಗಿ ಕೊಳವೆಗೇ ಇಂಕು ಸುರಿಯುವ ಎಬೊನೈಟ್ ಪೆನ್ನಿನಲ್ಲಿ ಇಂಕು ಕಾಲುಭಾಗಕ್ಕೆ ಇಳಿದಾಗ, ಉಳಿದ ಜಾಗದ ಗಾಳಿ ಕೈಯ ಬಿಸಿಗೆ ಹಿಗ್ಗಿ ಒಂದು ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಆ ಕಲೆಯಲ್ಲಿ ಬರೆಯುವವನ ಅಂಗೈಯ ಪಾಲೂ ಇದೆ. ಜೈನ ದಾರ್ಶನಿಕರು ಒಂದು ವಸ್ತುವಿನ ಬಗ್ಗೆ ಇದೆ, ಇಲ್ಲ ಎನ್ನುವಾಗ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕನ್ನು ಸೇರಿಸಿಯೇ ಹೇಳಬೇಕೆಂದು ಒತ್ತಾಯಿಸಿದ್ದು ಇಲ್ಲಿ ನೆನಪಿಗೆ ಬರುತ್ತದೆ. ಯಾವ ವಸ್ತು, ಯಾವ ಜಾಗ, ಯಾವ ಹೊತ್ತು, ಯಾವ ಸ್ಥಿತಿ. ಪೆನ್ನು ಬರೆಯುವುದಿಲ್ಲ ಎಂಬ ವಾಕ್ಯ ಈ ನಾಲ್ಕೂ ಇಲ್ಲದಿದ್ದರೆ ಸುಳ್ಳು ಎನ್ನಲಾಗದು, ಅಪೂರ್ಣ ಎನ್ನಲೇಬೇಕು. ಅಪೂರ್ಣ ವಾಕ್ಯದ ಮೇಲೆ ಶಿಕ್ಷೆ ವಿಧಿಸುವುದು ನ್ಯಾಯವಲ್ಲ.

ಹಾಗಾದರೆ ವಸ್ತುವಿನೊಳಗೆ ದೋಷವೇ ಇರುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇರುತ್ತದೆ. ಫೀಡು ಬಿರುಕು ಬಿಟ್ಟಿದ್ದರೆ, ನಿಬ್ಬಿನ ಎರಡು ಹಲ್ಲುಗಳು ಮೇಲೆ ಕೆಳಗಾಗಿದ್ದರೆ ಅದು ಯಾವ ಇಂಕಿಗೂ ಸರಿಹೋಗದು. ಅದನ್ನು ರಿಪೇರಿ ಮಾಡಬೇಕು. ಆದರೆ ಅದು ಒಳಗಿನ ದೋಷ ಎಂದು ಗೊತ್ತಾಗುವುದಾದರೂ ಹೇಗೆ? ಇಂಕು ಬದಲಿಸಿದ ಮೇಲೂ, ಹಾಳೆ ಬದಲಿಸಿದ ಮೇಲೂ, ತೊಳೆದ ಮೇಲೂ ಅದೇ ತೊಂದರೆ ಉಳಿದಾಗ. ನಮ್ಮ ತರ್ಕಶಾಸ್ತ್ರದ ಅನ್ವಯ ವ್ಯತಿರೇಕ ಎಂಬ ಕ್ರಮ ಇದೇ: ಇದು ಇದ್ದಾಗ ಅದು ಇದೆಯೇ, ಇದು ಇಲ್ಲದಾಗ ಅದೂ ಇಲ್ಲವೇ ಎಂದು ಒಂದೊಂದನ್ನೇ ಬದಲಿಸಿ ನೋಡುವುದು. ಒಟ್ಟಿಗೆ ಎರಡನ್ನು ಬದಲಿಸಿದರೆ ಏನೂ ತಿಳಿಯದು. ಮೀಮಾಂಸಕರಿಗೂ ನೈಯಾಯಿಕರಿಗೂ ಬೆಂಕಿಯ ಬಗ್ಗೆ ನಡೆದ ವಾಗ್ವಾದವನ್ನು ಇಲ್ಲಿ ತರಬಹುದು. ಒಂದು ಮಣಿಯನ್ನು ಹತ್ತಿರ ಇಟ್ಟರೆ ಬೆಂಕಿ ಸುಡುವುದಿಲ್ಲ, ತೆಗೆದರೆ ಸುಡುತ್ತದೆ ಎಂದಿಟ್ಟುಕೊಳ್ಳಿ. ಬೆಂಕಿಯಲ್ಲಿ ಕಣ್ಣಿಗೆ ಕಾಣದ ಶಕ್ತಿಯೊಂದಿದೆ, ಮಣಿ ಅದನ್ನು ಅಡಗಿಸುತ್ತದೆ ಎಂದರು ಮೀಮಾಂಸಕರು. ಬೇರೆ ಶಕ್ತಿಯ ಕಲ್ಪನೆ ಬೇಡ, ಅಡ್ಡಿ ಇಲ್ಲದಿರುವುದೂ ಕಾರಣಗಳಲ್ಲಿ ಒಂದು ಎಂದರು ಉದಯನಾಚಾರ್ಯರಂಥ ನೈಯಾಯಿಕರು. ಗಾಢ ಬಣ್ಣದ ಇಂಕು ಒಣಗಿ ಕಾಲುವೆಯಲ್ಲಿ ಹರಳುಗಟ್ಟಿದ ಪೆನ್ನನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ತೊಳೆದರೆ ಮತ್ತೆ ಬರೆಯುತ್ತದೆ. ತೊಳೆದಾಗ ಪೆನ್ನಿಗೆ ಹೊಸದೇನನ್ನೂ ಕೊಟ್ಟಿಲ್ಲ, ಅಡ್ಡಿಯನ್ನಷ್ಟೇ ತೆಗೆದಿದ್ದೇವೆ. ನಾನು ಈ ವಿಷಯದಲ್ಲಿ ನೈಯಾಯಿಕರ ಕಡೆ. ಒಳಗಿನ ಅಜ್ಞಾತ ಶಕ್ತಿಯ ಕೊರತೆ ಎಂದು ಹೇಳಿಬಿಟ್ಟರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಅಡ್ಡಿ ಏನಿದೆ ಎಂದು ಕೇಳಿದರೆ ಕೈಗೆ ಕೆಲಸ ಸಿಗುತ್ತದೆ. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಪೇಟೆಯ ಇಂಗ್ಲಿಷ್ ತರಗತಿಗೆ ಬಂದು ಮಾತೇ ಕಳೆದುಕೊಂಡ ಹುಡುಗಿಯನ್ನು ದಡ್ಡಿ ಎಂದುಬಿಡುವ ಉಪನ್ಯಾಸಕರು ಬುದ್ಧಿಶಕ್ತಿಯ ಕೊರತೆಯನ್ನು ಕಾಣುತ್ತಾರೆ. ಅದೇ ಲೆಕ್ಕವನ್ನು ಕನ್ನಡದಲ್ಲಿ ವಿವರಿಸಿದಾಗ ಅವಳು ಬಿಡಿಸಿದರೆ ಅಡ್ಡಿ ಎಲ್ಲಿತ್ತೆಂದು ತಿಳಿಯುತ್ತದೆ.

ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು. ದೋಷ ಸಂಬಂಧದಲ್ಲಿದೆ ಎನ್ನುವುದಾದರೆ ಆ ಸಂಬಂಧ ಎಲ್ಲಿದೆ? ಪೆನ್ನು ಒಂದು, ಇಂಕು ಒಂದು, ಇವೆರಡರ ನಡುವಿನ ಸಂಬಂಧ ಮೂರನೆಯ ವಸ್ತುವಾದರೆ ಅದನ್ನು ಈ ಎರಡಕ್ಕೆ ಅಂಟಿಸಲು ಇನ್ನೊಂದು ಸಂಬಂಧ ಬೇಕು, ಅದಕ್ಕೆ ಮತ್ತೊಂದು. ವೈಶೇಷಿಕರ ಸಮವಾಯ ಎಂಬ ಸಂಬಂಧಕ್ಕೆ ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಶಂಕರರು ಒಡ್ಡಿದ ಆಕ್ಷೇಪ ಇಂಥದೇ, ಅದು ಕೊನೆಯಿಲ್ಲದ ಅನವಸ್ಥೆ. ಸಂಬಂಧವನ್ನು ಒಂದು ವಸ್ತುವೆಂದು ಎಣಿಸಿದವರಿಗೆ ಈ ಪೆಟ್ಟು ತಾಗುತ್ತದೆ. ನಾನು ಹಾಗೆ ಎಣಿಸುತ್ತಿಲ್ಲ. ಸೀಳಿನ ಅಗಲ ಪೆನ್ನಿನದೇ, ಬಿಗಿತ ಇಂಕಿನದೇ. ಇವು ನಿಜವಾದ ಗುಣಗಳು, ಅಳೆದು ಹೇಳಬಹುದಾದ ಗುಣಗಳು. ಅಗಲವಾದ ಸೀಳು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ ಎಂಬುದಷ್ಟೇ ನನ್ನ ಮಾತು. ಒಳಿತು ಕೆಡುಕುಗಳ ತೀರ್ಪು ಗುಣಕ್ಕೆ ಅಂಟುವುದು ಅದು ಇನ್ನೊಂದು ಗುಣವನ್ನು ಸಂಧಿಸಿದ ಮೇಲೆಯೇ.

ಎರಡು ಕೂಡಿದಾಗ ಏನಾಗಬೇಕು ಎಂಬುದಕ್ಕೆ ದಾವಣಗೆರೆಯ ಪಕ್ಕದಲ್ಲೇ, ತುಂಗಭದ್ರೆಯ ದಡದ ಹರಿಹರದಲ್ಲಿ, ಕಲ್ಲಿನಲ್ಲಿ ಕಡೆದ ಒಂದು ಚಿಂತನೆ ನಿಂತಿದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತು, ಇಬ್ಬರೂ ಒಂದೇ ದೇಹವಾಗಿ ಬಂದಾಗ ಆ ವರ ಕೆಲಸಕ್ಕೆ ಬರಲಿಲ್ಲ ಎನ್ನುತ್ತದೆ ಸ್ಥಳಪುರಾಣ. ಒಬ್ಬೊಬ್ಬರಾಗಿ ಆಗದ್ದು ಇಬ್ಬರೂ ಕೂಡಿದಾಗ ಆಯಿತು ಎಂದರೆ ಒಬ್ಬೊಬ್ಬರಲ್ಲಿ ಕೊರತೆಯಿತ್ತು ಎಂದಲ್ಲ. ಆ ಸಾಮರ್ಥ್ಯ ಇದ್ದದ್ದೇ ಕೂಡುವಿಕೆಯಲ್ಲಿ. ಅದಕ್ಕಿಂತ ಮುಖ್ಯವಾದದ್ದು, ಈ ಮೂರ್ತಿಯಲ್ಲಿ ಹರಿ ಹರನಾಗಿಲ್ಲ, ಹರ ಹರಿಯಾಗಿಲ್ಲ. ಇಬ್ಬರನ್ನೂ ಕಲಸಿ ಮೂರನೆಯ ದೇವರನ್ನು ಮಾಡಲು ಶಿಲ್ಪಿ ಹೋಗಿಲ್ಲ. ನಡುವಿನ ಗೆರೆಯನ್ನು ಉಳಿಸಿಕೊಂಡೇ ಒಂದು ದೇಹ ಕೊಟ್ಟಿದ್ದಾನೆ. ಹೊಂದಾಣಿಕೆ ಎಂದರೆ ಬೆರೆಸಿಬಿಡುವುದು ಎಂದು ತಿಳಿದವರು ಇಂಕಿನ ವಿಷಯದಲ್ಲೂ ಕೆಡುತ್ತಾರೆ. ಕಬ್ಬಿಣದ ಅಂಶದ ಹುಳಿ ಇಂಕಿಗೆ ಕ್ಷಾರಗುಣದ ಇಂಕನ್ನು ಬೆರೆಸಿದರೆ ಕಬ್ಬಿಣ ಗಷ್ಟಾಗಿ ತಳಕ್ಕೆ ಕೂರುತ್ತದೆ, ಕಾಲುವೆ ಕಟ್ಟಿಕೊಳ್ಳುತ್ತದೆ. ಪೆನ್ನು ಪೆನ್ನಾಗಿ, ಇಂಕು ಇಂಕಾಗಿ ಉಳಿದೇ ಬರವಣಿಗೆ ಹುಟ್ಟಬೇಕು. ಮದುವೆಯಲ್ಲಿ, ಊರಿನ ಬಾಳಿನಲ್ಲಿ, ಮತಗಳ ನಡುವೆ ಸಾಮರಸ್ಯ ಬೇಕು ಎನ್ನುವಾಗ ನಾವು ಎಷ್ಟೋ ಸಲ ಒಬ್ಬರು ಕರಗಿ ಇನ್ನೊಬ್ಬರಾಗಲಿ ಎಂದೇ ಬಯಸುತ್ತಿರುತ್ತೇವೆ. ಎಂಟುನೂರು ವರ್ಷಗಳಿಂದ ಹರಿಹರದ ಮೂರ್ತಿ ಅದಕ್ಕೆ ಒಪ್ಪದೆ ನಿಂತಿದೆ.

ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಂಭೀರ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ಯಾವುದಕ್ಕೆ ಯಾವುದು ಒಗ್ಗುತ್ತದೋ ಅದನ್ನೇ ಕೊಡಬೇಕು ಎಂಬ ಮಾತು ಈ ನೆಲದಲ್ಲಿ ಹೊಸದಲ್ಲ. ಅಧಿಕಾರಭೇದದ ಹೆಸರಿನಲ್ಲಿ ಇವನಿಗೆ ವೇದ, ಅವನಿಗೆ ನೇಗಿಲು, ಇವಳಿಗೆ ಒಲೆ ಎಂದು ಹಂಚಿದವರೂ ಹೊಂದಾಣಿಕೆಯ ಮಾತನ್ನೇ ಆಡಿದರು. ಹಾಗಿದ್ದರೆ ಪೆನ್ನಿನ ತತ್ತ್ವ ಸುತ್ತಿ ಬಳಸಿ ಜಾತಿಯ ತತ್ತ್ವಕ್ಕೇ ಬಂದು ನಿಲ್ಲುವುದಿಲ್ಲವೇ? ನಿಲ್ಲುವುದಿಲ್ಲ, ಕಾರಣ ಪೆನ್ನು ಹಿಡಿದವರಿಗೆಲ್ಲ ಗೊತ್ತು. ಒಂದೇ ಕಾರ್ಖಾನೆಯ, ಒಂದೇ ಮಾದರಿಯ, ಒಂದೇ ಡಬ್ಬಿಯಿಂದ ತೆಗೆದ ಎರಡು ಪೆನ್ನುಗಳಲ್ಲಿ ಒಂದು ಧಾರಾಳವಾಗಿ ಇಂಕು ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಹುಟ್ಟಿದ ಜಾಗ ಹೇಳುವುದು ಬಹಳ ಕಡಿಮೆ. ಒಗ್ಗುವಿಕೆ ಗೊತ್ತಾಗುವುದು ತುಂಬಿ ಬರೆದು ನೋಡಿದ ಮೇಲೆ, ಅದೂ ಆ ಒಂದು ಪೆನ್ನಿನ ಮಟ್ಟಿಗೆ ಮಾತ್ರ. ಜಾತಿಯ ಅಧಿಕಾರಭೇದ ಪರೀಕ್ಷೆಗೆ ಮೊದಲೇ ಫಲಿತಾಂಶ ಬರೆದಿಟ್ಟಿತು. ಅದರ ಪಾಪ ಇರುವುದು ಅಲ್ಲಿ. ಹನ್ನೆರಡನೆಯ ಶತಮಾನದ ಶರಣರು ಕೆಡವಲು ಹೊರಟದ್ದು ಆ ಮುಂಗಡ ತೀರ್ಪನ್ನೇ. ಹರಿಹರದ ಕೆಳಗೆ ಇದೇ ಹೊಳೆಯ ದಂಡೆಯಲ್ಲಿರುವ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯ ಹುಟ್ಟು ಹಾಕುತ್ತಲೇ ವಚನ ಕಟ್ಟಿದ. ಅಂಬಿಗನಿಗೆ ದೋಣಿ ಮಾತ್ರ ಒಗ್ಗುತ್ತದೆ ಎಂದಿದ್ದ ಲೋಕಕ್ಕೆ, ಅನುಭವದ ಮಾತೂ ಅವನಿಗೆ ಒಗ್ಗುತ್ತದೆ ಎಂದು ಗೊತ್ತಾದದ್ದು ಅವನು ನುಡಿದ ಮೇಲೆ. ದಾವಣಗೆರೆಯ ವಿರಕ್ತಮಠದಲ್ಲಿ 1913ರಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಆಶ್ರಯದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬವಾಗಿ ಶುರು ಮಾಡಿದಾಗ ಆ ನೆನಪನ್ನು ಮಠದ ಗೋಡೆಯಾಚೆಗೆ ತಂದರು. ಆ ಹಬ್ಬ ಆಚರಿಸುವ ಊರಿನಲ್ಲಿ ಇಂದಿಗೂ ಅಡ್ಡಹೆಸರು ಕೇಳಿ ಮಗುವಿನ ಬುದ್ಧಿಯನ್ನು ಅಂದಾಜು ಮಾಡುವವರು ಇರುವುದು ನನಗೆ ನೋವಿನ ಸಂಗತಿ.

ಕೊನೆಗೆ ಹೊಣೆಯ ಮಾತು. ಎಲ್ಲವೂ ಜೋಡಿಯ ದೋಷವಾದರೆ ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನೂ ನಮ್ಮಿಬ್ಬರ ಹೊಂದಾಣಿಕೆ ಸರಿಯಿಲ್ಲ ಎನ್ನಬಹುದು. ಅನ್ನುತ್ತಾರೆ ಕೂಡ. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ದೋಷವನ್ನು ಸಂಬಂಧದಲ್ಲೇ ಇಟ್ಟಿದೆ, ಆದರೆ ಸನ್ಯಾಸಿಯನ್ನು ತೀರ ಸುಲಭವಾಗಿ ಬಿಟ್ಟುಕೊಟ್ಟಿದೆ. ಪೆನ್ನು ತನ್ನ ಇಂಕನ್ನು ತಾನು ಆರಿಸಿಕೊಳ್ಳಲಾರದು, ಮನುಷ್ಯ ಆರಿಸಿಕೊಳ್ಳಬಲ್ಲ. ಸ್ವಭಾವ, ಒಲವು, ವೇಗ, ಮೌನ ಇವುಗಳ ಮೇಲಿನ ತೀರ್ಪು ಜೋಡಿಯನ್ನು ನೋಡಿ ಆಗಬೇಕು. ತಿಳಿದೂ ಎತ್ತಿದ ಕೈಯ ಮೇಲಿನ ತೀರ್ಪು ಆ ಕೈಗೇ ಸೇರಬೇಕು. ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹುಳಿ ಇಂಕು ಉಕ್ಕಿನ ನಿಬ್ಬನ್ನು ತಿನ್ನುತ್ತಿರುವಾಗ ಯಾರ ತಪ್ಪು ಎಂದು ಚರ್ಚಿಸುತ್ತ ಕೂರುವವರಿಲ್ಲ; ತಕ್ಷಣ ಚೆಲ್ಲಿ ತೊಳೆಯುತ್ತಾರೆ. ಸವೆಯುತ್ತಿರುವವರನ್ನು ಬೇರ್ಪಡಿಸುವುದು ಮೊದಲು, ತತ್ತ್ವ ಆಮೇಲೆ. ಹೊಂದಿಕೊಂಡು ಹೋಗು ಎಂಬ ಬುದ್ಧಿಮಾತು ನಮ್ಮ ಮನೆಗಳಲ್ಲಿ ಸದಾ ಸವೆಯುವವರ ಕಡೆಗೇ ತಿರುಗುವುದು ಈ ತತ್ತ್ವದ ದುರುಪಯೋಗ. ನಿಬ್ಬು ತೆಳ್ಳಗಾಗಿ ಇಂಕಿಗೆ ಹೊಂದಿಕೊಳ್ಳಲಿ ಎಂದು ಹೇಳಿದಂತೆ ಅದು.

ಇಷ್ಟೆಲ್ಲ ಯಾಕೆ, ಬಾಲ್ ಪೆನ್ನು ಎಲ್ಲರ ಕೈಯಲ್ಲೂ ಎಲ್ಲ ಹಾಳೆಯ ಮೇಲೂ ಬರೆಯುತ್ತದಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಅದರ ಗುಂಡನ್ನೂ ಮಂದವಾದ ಎಣ್ಣೆ ಶಾಯಿಯನ್ನೂ ಕಾರ್ಖಾನೆಯಲ್ಲೇ ಜೋಡಿ ಕೂಡಿಸಿ ಮುಚ್ಚಲಾಗಿದೆ. ಹೊಂದಾಣಿಕೆಯ ಕಷ್ಟ ಅಲ್ಲೂ ಇತ್ತು. ನಮ್ಮ ಪರವಾಗಿ ಬೇರೆ ಯಾರೋ ಅದನ್ನು ಪಟ್ಟಿದ್ದಾರೆ. ಮನುಷ್ಯರ ನಡುವೆ ಆ ಕೆಲಸವನ್ನು ಮುಂಚಿತವಾಗಿ ಮಾಡಿ ಮುಚ್ಚಿ ಕೊಡುವ ಕಾರ್ಖಾನೆ ಇಲ್ಲ.

ಎಷ್ಟು ಸಲ ಬದಲಿಸಿ ನೋಡಬೇಕು ಎಂಬುದಕ್ಕೆ ಮಾತ್ರ ಶಾಸ್ತ್ರದಲ್ಲಿ ಸಂಖ್ಯೆ ಇಲ್ಲ. ನಾಳೆ ಪರೀಕ್ಷೆ ಇರುವ ವಿದ್ಯಾರ್ಥಿ ಇಂದು ರಾತ್ರಿ ಐದು ಇಂಕು ಪ್ರಯೋಗ ಮಾಡಲಾರ. ಬರೆಯುವ ಇನ್ನೊಂದು ಪೆನ್ನನ್ನು ಕೈಗೆತ್ತಿಕೊಳ್ಳಬೇಕು, ಅದು ಸರಿ. ಆದರೆ ಹೊತ್ತು ಸಾಲಲಿಲ್ಲ ಎಂಬುದು ಅವನ ಸ್ಥಿತಿಯ ಬಗ್ಗೆ ಹೇಳುವ ಮಾತು, ಪಕ್ಕಕ್ಕಿಟ್ಟ ಪೆನ್ನಿನ ಬಗ್ಗೆ ಅಲ್ಲ. ಆ ಪೆನ್ನನ್ನು ಇಂಕು ಸಮೇತ ಎಸೆದರೆ ಒಳಗೇ ಒಣಗಿ ನಿಜವಾಗಿಯೂ ಕೆಡುತ್ತದೆ, ನಮ್ಮ ತೀರ್ಪು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಕೊಳವೆಬಾವಿಯ ಗಡಸು ನೀರು ಸುಣ್ಣದ ಕಲೆ ಬಿಡುವುದರಿಂದ ಗಡಸಲ್ಲದ ನೀರಿನಲ್ಲಿ ತೊಳೆದು, ಒಣಗಿಸಿ, ಖಾಲಿಯಾಗಿಯೇ ಎತ್ತಿಡಬೇಕು. ಜೊತೆಗೆ ಒಂದು ಚೀಟಿ ಇಟ್ಟರೆ ಇನ್ನೂ ಒಳ್ಳೆಯದು: ಯಾವ ಇಂಕು ಹಾಕಿದ್ದು, ಯಾವ ಹಾಳೆಯ ಮೇಲೆ ಬರೆದದ್ದು, ಯಾವ ತಿಂಗಳು, ಪೆನ್ನನ್ನು ಹಿಂದೆ ತೊಳೆದು ಎಷ್ಟು ದಿನವಾಗಿತ್ತು.